ಒಂಬತ್ತು ಲಕ್ಷದ ಮನೆಯಲ್ಲಿ ಮೂರು ರಾತ್ರಿ

ಆ ಮನೆಯ ಬಚ್ಚಲಿನಲ್ಲಿರುವ ಸ್ನಾನದ ತೊಟ್ಟಿ ರುಡ್ಯಾರ್ಡ್ ಕಿಪ್ಲಿಂಗ್ ಕಾಲದ್ದು. ಅದರ ಸುತ್ತ ಹಗ್ಗ ಕಟ್ಟಿಲ್ಲ, ‘ಮುಟ್ಟಬೇಡಿ’ ಎಂಬ ಫಲಕವಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಎಂಟು ವರ್ಷದ ನನ್ನ ಮೊಮ್ಮಗಳು ಮೊದಲ ಸಂಜೆಯೇ ಅದರಲ್ಲಿ ಕುತ್ತಿಗೆಮಟ್ಟ ನೀರು ತುಂಬಿಸಿಕೊಂಡು ಕೂತವಳು ಅರ್ಧ ಗಂಟೆ ಮೇಲೇಳಲಿಲ್ಲ. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ಕೇಳಿದಳು: “ಅಜ್ಜ, ಮೋಗ್ಲಿ ಕಥೆ ಬರೆದವರು ಇದರಲ್ಲೇ ಸ್ನಾನ ಮಾಡ್ತಿದ್ರಾ?”

“ಹೌದು ಮಗಾ.”

“ಹಾಗಾದ್ರೆ ಈಗ ಈ ಮನೇಲಿ ಯಾರಿದ್ದಾರೆ?”

“ನಾವೇ ಇದ್ದೀವಲ್ಲ.”

ಬಾಯಿಗೆ ಬಂದದ್ದನ್ನು ಹೇಳಿದೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ನೆನೆದಾಗ, ಆ ಮನೆ ಇವತ್ತಿಗೂ ನಿಂತಿರುವುದರ ಗುಟ್ಟೆಲ್ಲ ಆ ಮಾತಿನಲ್ಲೇ ಇದೆ ಅನ್ನಿಸಿತು.

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ಬ್ರ್ಯಾಟಲ್‌ಬರೋ ಎಂಬ ಪಟ್ಟಣವಿದೆ. ಕನೆಕ್ಟಿಕಟ್ ನದಿ ಅದರ ಮಗ್ಗುಲಲ್ಲೇ ಹರಿಯುತ್ತದೆ. ಪಟ್ಟಣ ಬಿಟ್ಟು ಉತ್ತರಕ್ಕೆ ಗುಡ್ಡದ ದಾರಿ ಹಿಡಿದರೆ ಡಮ್ಮರ್‌ಸ್ಟನ್ ಸಿಗುತ್ತದೆ. ಹೆಸರಿಗೆ ಊರು, ನೋಡಿದರೆ ಸೇಬಿನ ತೋಟ, ಹುಲ್ಲುಗಾವಲು, ದೂರ ದೂರಕ್ಕೆ ಒಂದೊಂದು ಮನೆ. ಮಗ ಇರುವುದು ಬಾಸ್ಟನ್ ಹತ್ತಿರ. ಅಲ್ಲಿಂದ ಎರಡು ಗಂಟೆಯ ದಾರಿ. ಅಕ್ಟೋಬರ್ ತಿಂಗಳು, ಮೇಪಲ್ ಮರಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದ್ದವು. ಮಗನ ಸಂಸಾರ, ಅವನ ಗೆಳೆಯನ ಸಂಸಾರ, ನಾವಿಬ್ಬರು ಮುದುಕರು, ಎಲ್ಲ ಸೇರಿ ಎಂಟು ಜನ. ಆ ಮನೆಯಲ್ಲಿ ಮಲಗಲು ಜಾಗವಿರುವುದೂ ಎಂಟೇ ಜನಕ್ಕೆ.

ಅಲ್ಲಿ ಬಾಗಿಲಲ್ಲಿ ನಿಂತು ಸ್ವಾಗತಿಸುವವರಿಲ್ಲ. ಬೆಳಗಿನ ತಿಂಡಿಗೆ ಏನಾಗಬೇಕು ಎಂದು ಕೇಳುವವರೂ ಇಲ್ಲ. ಬಾಡಿಗೆ ಮೊದಲೇ ಕಟ್ಟಿರಬೇಕು, ಅಕ್ಕಿ ಬೇಳೆ ಕೊಂಡೊಯ್ಯಬೇಕು, ಕಡೇಪಕ್ಷ ಮೂರು ರಾತ್ರಿ ಇರಬೇಕು. ಉಳಿದಂತೆ ಮನೆ ನಿಮ್ಮದು. ನನ್ನ ಹೆಂಡತಿ ಒಳಗೆ ಕಾಲಿಟ್ಟವಳೇ ಅಡುಗೆಮನೆ ಹುಡುಕಿಕೊಂಡು ಹೋದಳು. ಸಂಜೆಗೆ ಸಾರಿನ ಒಗ್ಗರಣೆಯ ಘಮ ಉದ್ದನೆಯ ಪಡಸಾಲೆಯ ತುಂಬ ಹರಡಿತ್ತು.

ಮನೆಯ ಹೆಸರು ನೌಲಖಾ, ಅಂದರೆ ಒಂಬತ್ತು ಲಕ್ಷ. ಲಾಹೋರಿನ ಕೋಟೆಯಲ್ಲಿ ಷಾಜಹಾನ್ ಕಟ್ಟಿಸಿದ ಬಿಳಿ ಅಮೃತಶಿಲೆಯ ಮಂಟಪವೊಂದಿದೆ. ಅದಕ್ಕೆ ಒಂಬತ್ತು ಲಕ್ಷ ಖರ್ಚಾಯಿತೆಂಬ ಪ್ರತೀತಿಯಿಂದ ಆ ಹೆಸರು. ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ ಮುಂಬಯಿಯಲ್ಲಿ, ಪತ್ರಕರ್ತನಾಗಿ ಪಳಗಿದ್ದು ಲಾಹೋರಿನಲ್ಲಿ. ಅವನ ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿನ ವಸ್ತುಸಂಗ್ರಹಾಲಯದ ಮುಖ್ಯಸ್ಥ. ಮುಂದೆ ಲಂಡನ್ನಿನಲ್ಲಿ ವಾಲ್ಕಾಟ್ ಬ್ಯಾಲೆಸ್ಟಿಯರ್ ಎಂಬ ಅಮೆರಿಕದ ತರುಣ ಅವನಿಗೆ ಜೀವದ ಗೆಳೆಯನಾದ. ಇಬ್ಬರೂ ಸೇರಿ ಒಂದು ಕಾದಂಬರಿ ಬರೆದರು. ಅದಕ್ಕೂ ಇದೇ ಹೆಸರಿಟ್ಟರು, ಆದರೆ ಅಕ್ಷರ ತಪ್ಪಿತ್ತು. ಪುಸ್ತಕ ಅಚ್ಚಾಗಿ ಬರುವ ಮೊದಲೇ, 1891ರ ಡಿಸೆಂಬರಿನಲ್ಲಿ, ವಾಲ್ಕಾಟ್ ವಿಷಮಶೀತ ಜ್ವರದಿಂದ ತೀರಿಕೊಂಡ. ಮರುತಿಂಗಳೇ ಕಿಪ್ಲಿಂಗ್ ಆ ಗೆಳೆಯನ ತಂಗಿ ಕ್ಯಾರಿಯನ್ನು ಮದುವೆಯಾದ. ಮಧುಚಂದ್ರಕ್ಕೆ ಭೂಮಿ ಸುತ್ತಲು ಹೊರಟವರು ಜಪಾನಿನ ಯೊಕೊಹಾಮಾ ತಲುಪುವಷ್ಟರಲ್ಲಿ ಹಣ ಇಟ್ಟಿದ್ದ ಬ್ಯಾಂಕ್ ಮುಳುಗಿತು. ಬರಿಗೈಯಲ್ಲಿ, ಬಸುರಿ ಹೆಂಡತಿಯನ್ನು ಕರೆದುಕೊಂಡು ಅವನು ಬಂದದ್ದು ಕ್ಯಾರಿಯ ತವರಿಗೆ, ಇದೇ ಗುಡ್ಡದ ಸೀಮೆಗೆ. ಕಟ್ಟಿಸಿದ ಮನೆಗೆ ಸತ್ತ ಗೆಳೆಯನ ನೆನಪಿನಲ್ಲಿ ನೌಲಖಾ ಎಂದು ಹೆಸರಿಟ್ಟ, ಈ ಸಲ ಅಕ್ಷರ ಸರಿಮಾಡಿ.

ಮನೆಗೆ ಮೊದಲು ಅವರು ಇದ್ದದ್ದು ಹತ್ತಿರದ ಬ್ಲಿಸ್ ಕಾಟೇಜ್ ಎಂಬ ಬಾಡಿಗೆಯ ಗೂಡಿನಲ್ಲಿ. 1892ರ ಡಿಸೆಂಬರಿನಲ್ಲಿ, ಕಿಟಕಿಯ ಮಟ್ಟಕ್ಕೆ ಹಿಮ ಬಿದ್ದಿದ್ದಾಗ, ಅಲ್ಲಿ ಎರಡು ಜನನಗಳಾದವು. ಒಂದು, ಹಿರಿಮಗಳು ಜೋಸೆಫೀನ್. ಇನ್ನೊಂದು, ತೋಳಗಳು ಸಾಕಿದ ಮಗು ಮೋಗ್ಲಿಯ ಕಥೆ. ಮಧ್ಯಭಾರತದ ಸಿಯೋನಿ ಕಾಡನ್ನು ಅವನು ಕಣ್ಣಾರೆ ಕಂಡವನಲ್ಲ. ಬೇರೆಯವರ ಪುಸ್ತಕ, ಬಾಲ್ಯದಲ್ಲಿ ಆಯಾಗಳ ಬಾಯಲ್ಲಿ ಕೇಳಿದ ಮಾತು, ಇಷ್ಟನ್ನು ಹಿಡಿದುಕೊಂಡು ಉಸಿರು ಹೆಪ್ಪುಗಟ್ಟುವ ಚಳಿಯಲ್ಲಿ ಕೂತು ಬೇಸಿಗೆಯ ಕಾಡನ್ನು ಕಟ್ಟಿದ. 1893ರ ಆಗಸ್ಟಿನಲ್ಲಿ ಹೊಸ ಮನೆಗೆ ಬಂದ ಮೇಲೆ ಕಥೆಗಳು ಒಂದರ ಹಿಂದೆ ಒಂದು ಬಂದವು. ‘ದ ಜಂಗಲ್ ಬುಕ್’ 1894ರಲ್ಲಿ ಬಂತು, ಎರಡನೆಯ ಭಾಗ ಮರುವರ್ಷ.

ಮನೆಯ ಆಕಾರ ವಿಚಿತ್ರ. ತೊಂಬತ್ತು ಅಡಿ ಉದ್ದ, ಮೂವತ್ತೇ ಅಡಿ ಅಗಲ. ಇಳಿಜಾರಿನಲ್ಲಿ ಕಲ್ಲಿನ ಎತ್ತರದ ತಳಪಾಯ, ಅದರ ಮೇಲೆ ಮರದ ಮನೆ. ಗೋಡೆಗೂ ಮಾಡಿಗೂ ಕೈಯಲ್ಲಿ ಸೀಳಿದ ಮರದ ಬಿಲ್ಲೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸಿ ಮಂಕು ಹಸಿರು ಬಣ್ಣ ಕೊಟ್ಟಿದ್ದಾರೆ. ಕೆಳಗಿನ ಹುಲ್ಲಿನಲ್ಲಿ ನಿಂತು ನೋಡಿದರೆ ಗುಡ್ಡದ ಅಲೆಯ ಮೇಲೇರಿದ ಹಡಗು. ಕಿಪ್ಲಿಂಗನೂ ಹಾಗೇ ಭಾವಿಸಿದ್ದ. ನಕ್ಷೆ ಮಾಡಿದವನು ಹೆನ್ರಿ ರಟ್‌ಗರ್ಸ್ ಮಾರ್ಷಲ್. ಕೋಣೆಗಳೆಲ್ಲ ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖಮಾಡಿವೆ. ಗುಡ್ಡದ ಕಡೆಗೆ, ಪಶ್ಚಿಮಕ್ಕೆ, ಉದ್ದಕ್ಕೂ ಪಡಸಾಲೆ. ಚಳಿಗಾಳಿ ಪಡಸಾಲೆಯಲ್ಲೇ ನಿಲ್ಲುತ್ತದೆ. ಬೆಳಗಿನ ಬಿಸಿಲು ಪ್ರತಿ ಕೋಣೆಗೂ ಬರುತ್ತದೆ. ಅಗಲವಾದ ಕಿಟಕಿಗಳಿಂದ ಕಣಿವೆ, ಕಣಿವೆಯಾಚೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ 3165 ಅಡಿ ಎತ್ತರದ ಮೊನಾಡ್ನಾಕ್ ಪರ್ವತ. ನಾನು ದಿನಾ ಆರು ಗಂಟೆಗೇ ಎದ್ದು ಕಾಫಿ ಹಿಡಿದು ಆ ಕಿಟಕಿಯಲ್ಲಿ ಕೂರುತ್ತಿದ್ದೆ. ಮಂಜು ಕಣಿವೆಯಿಂದ ಮೇಲೇಳುವುದನ್ನು ನೋಡುವಾಗ ಕೊಪ್ಪದ ಕಡೆಯ ನಮ್ಮ ಮನೆಯ ಜಗಲಿ ನೆನಪಾಗದೆ ಇರಲಿಲ್ಲ.

ದಕ್ಷಿಣದ ತುದಿಯಲ್ಲಿ, ಹಡಗಿನ ಮೂತಿಯ ಜಾಗದಲ್ಲಿ, ಅವನ ಬರೆಯುವ ಕೋಣೆ. ಅಲ್ಲಿಗೆ ಹೋಗಬೇಕಾದರೆ ಕ್ಯಾರಿ ಕೂರುತ್ತಿದ್ದ ಪುಟ್ಟ ಕೋಣೆಯನ್ನು ಹಾದೇ ಹೋಗಬೇಕು. ಬಂದವರನ್ನು ತಡೆಯುವುದು, ಲೆಕ್ಕ ನೋಡುವುದು, ಕಾಗದಗಳನ್ನು ವಿಂಗಡಿಸುವುದು ಎಲ್ಲ ಅವಳದೇ ಪಾರುಪತ್ಯ. ಕಾಗದಗಳೇನು ಕಡಿಮೆ ಬರುತ್ತಿದ್ದವೇ? ಅವನ ಟಪಾಲಿಗೆಂದೇ ಮನೆಯ ಹತ್ತಿರ ಒಂದು ಅಂಚೆ ಕಚೇರಿ ತೆರೆಯಬೇಕಾಯಿತು. ಕೋಣೆಯ ಬೆಂಕಿಗೂಡಿನ ಮೇಲೆ, ಹಗಲಿರುವಾಗಲೇ ದುಡಿದುಕೊಳ್ಳಬೇಕೆಂಬ ಅರ್ಥದ ಬೈಬಲ್ ವಾಕ್ಯವನ್ನು ಅವನ ತಂದೆ ಬಂದಿದ್ದಾಗ ಅಚ್ಚೊತ್ತಿ ಹೋಗಿದ್ದಾನೆ. ಎದುರಿಗೆ ಕೂತು ಮೊಮ್ಮಗಳಿಗೆ ರಿಕ್ಕಿ ಟಿಕ್ಕಿ ಎಂಬ ಮುಂಗುಸಿಯ ಕಥೆ ಹೇಳಿದೆ. ಬರೆದವನ ಕೋಣೆಯಲ್ಲೇ ಅವನ ಕಥೆಯನ್ನು ಹೇಳುವ ಯೋಗ ಎಷ್ಟು ಅಜ್ಜಂದಿರಿಗೆ ಸಿಕ್ಕೀತು! ಅವಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿದೆ. ‘ಜಂಗಲ್ ಬುಕ್’ನ ಮೊದಲ ಮುದ್ರಣದ ಒಂದು ಪ್ರತಿ 2010ರಲ್ಲಿ ಇಂಗ್ಲೆಂಡಿನ ವಿಂಪೋಲ್ ಹಾಲ್ ಎಂಬ ಬಂಗಲೆಯ ಗ್ರಂಥಭಂಡಾರದಲ್ಲಿ ಸಿಕ್ಕಿತು. ಅದರಲ್ಲಿ ಕಿಪ್ಲಿಂಗ್ ಕೈಬರಹವಿದೆ: ಪುಸ್ತಕ ಬರೆದದ್ದೇ ಜೋಸೆಫೀನಳಿಗಾಗಿ ಎಂದು.

ಇನ್ನು ತೋಟ. ಮನೆಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಇದೇ. ಒಂದು ಕಡೆ ಬಳ್ಳಿ ಹಬ್ಬಿಸುವ ಕಂಬಗಳ ಚಪ್ಪರ. ಟೆನಿಸ್ ಅಂಗಳವನ್ನು ಕಿಪ್ಲಿಂಗನೇ ಮಾಡಿಸಿದ್ದು. ವರ್ಮಾಂಟಿನ ಮೊದಲ ಟೆನಿಸ್ ಅಂಗಳ ಅದೇ ಎನ್ನುತ್ತಾರೆ. ಎಲ್ಲಕ್ಕಿಂತ ಸೊಗಸು, ಎರಡೂ ಬದಿಯ ರೋಡೋಡೆಂಡ್ರನ್ ಗಿಡಗಳು ತಲೆಯ ಮೇಲೆ ಕೂಡಿಕೊಂಡು ಮಾಡಿರುವ ಹಸಿರು ಸುರಂಗ. ಶಿಮ್ಲಾ ಬೆಟ್ಟಗಳಲ್ಲಿ ವಸಂತದಲ್ಲಿ ಕೆಂಪಗೆ ಅರಳುವ ಬುರಾಂಶ್ ಇದೆಯಲ್ಲ, ಅದರ ಬಳಗದ ಗಿಡ ಇದು. ನಾವು ಹೋದಾಗ ಹೂವಿನ ಕಾಲ ಮುಗಿದು ತಿಂಗಳುಗಳಾಗಿದ್ದವು. ದಪ್ಪನೆಯ ಎಲೆ, ಅಡಿಯಲ್ಲಿ ಒದ್ದೆ ಮಣ್ಣಿನ ವಾಸನೆ, ಅಷ್ಟೇ. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಹಗಲಿಡೀ ಆ ಸುರಂಗದಲ್ಲಿ ಭಾಲೂ, ಭಗೀರ, ಶೇರ್‌ಖಾನ್ ಓಡಾಡಿದರು. ಚಳಿಗಾಲದಲ್ಲಿ ಕಿಪ್ಲಿಂಗ್ ಇದೇ ಇಳಿಜಾರಿನಲ್ಲಿ ಚೆಂಡಿಗೆ ಕೆಂಪು ಬಣ್ಣ ಬಳಿದು ಹಿಮದ ಮೇಲೆ ಗಾಲ್ಫ್ ಆಡುತ್ತಿದ್ದನಂತೆ. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1894ರಲ್ಲಿ ಇಲ್ಲಿ ಬಂದು ಉಳಿದಿದ್ದ; ಕಿಪ್ಲಿಂಗನಿಗೆ ಗಾಲ್ಫ್ ಹೇಳಿಕೊಟ್ಟವನೂ ಅವನೇ.

ಇಷ್ಟು ಅಕ್ಕರೆಯಿಂದ ಕಟ್ಟಿಸಿದ ಮನೆಯನ್ನು ಅವನು ಮೂರೇ ವರ್ಷಕ್ಕೆ ಬಿಟ್ಟು ಹೋದ. ಕಾರಣ ಹೇಳಿದರೆ ಮಲೆನಾಡಿನವರಿಗೆ ತಟ್ಟನೆ ಅರ್ಥವಾಗುತ್ತದೆ: ಹುಲ್ಲಿನ ತಕರಾರು. ಜಾಗ ಕ್ಯಾರಿಯ ತಮ್ಮ ಬೀಟಿಯಿಂದ ಬಂದದ್ದು. ಮನೆಯ ಎದುರಿನ ನೋಟಕ್ಕೆ ಯಾರೂ ಅಡ್ಡ ಕಟ್ಟದಿರಲಿ ಎಂದು ಹುಲ್ಲುಗಾವಲೊಂದನ್ನೂ ಅಕ್ಕಭಾವ ಅವನಿಂದ ಪಡೆದಿದ್ದರು. ಹುಲ್ಲು ಕೊಯ್ಯುವ ಹಕ್ಕು ಮಾತ್ರ ಬೀಟಿಗೇ ಎಂದು ಮಾತಾಗಿತ್ತು. ಕ್ಯಾರಿ ಆ ಬ್ಯಾಣವನ್ನು ಅಗೆಸಿ ಹೂದೋಟ ಮಾಡಿಸಲು ಹೊರಟಿದ್ದಾಳೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಸಾಲದಲ್ಲಿದ್ದ, ಕುಡಿತದ ಮನುಷ್ಯ. ಮಾತು ನಿಂತಿತು. 1896ರ ಮೇ ತಿಂಗಳಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದ ಭಾವನನ್ನು ದಾರಿಯಲ್ಲಿ ಅಡ್ಡಗಟ್ಟಿ ಬೆದರಿಸಿದ. ಕಿಪ್ಲಿಂಗ್ ದೂರು ಕೊಟ್ಟ. ಬ್ರ್ಯಾಟಲ್‌ಬರೋದ ವಿಚಾರಣೆಗೆ ದೂರದೂರದಿಂದ ಪತ್ರಿಕೆಯವರು ಬಂದಿಳಿದರು. ಏಕಾಂತಕ್ಕಾಗಿ ಗುಡ್ಡ ಸೇರಿದವನ ಮನೆಯ ಜಗಳ ದೇಶದ ಬಾಯಿಗೆ ಬಿತ್ತು. ಆ ಬೇಸಿಗೆ ಕಳೆಯುವಷ್ಟರಲ್ಲಿ ಗಂಡ, ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು ಇಂಗ್ಲೆಂಡಿನ ಹಡಗು ಹತ್ತಿದರು.

ಅಕ್ಕತಮ್ಮಂದಿರ ನಡುವೆ ಕೂತು ಬಗೆಹರಿಸುವ ಒಬ್ಬ ಹಿರಿಯ ಇದ್ದಿದ್ದರೆ ಎಂದು ನಾನು ಮರುಗಿದ್ದುಂಟು. 1899ರಲ್ಲಿ ಕಿಪ್ಲಿಂಗ್ ಸಂಸಾರ ನ್ಯೂಯಾರ್ಕಿಗೆ ಬಂದಾಗ ತಂದೆ ಮಗಳಿಬ್ಬರಿಗೂ ನ್ಯುಮೋನಿಯಾ ಹಿಡಿಯಿತು. ತಂದೆ ಉಳಿದ. ಆರು ವರ್ಷದ ಜೋಸೆಫೀನ್ ಉಳಿಯಲಿಲ್ಲ. ಆಮೇಲೆ ಕಿಪ್ಲಿಂಗ್ ಅಮೆರಿಕಕ್ಕೆ ಕಾಲಿಡಲೇ ಇಲ್ಲ. ನೌಲಖಾ ಪರಿಚಿತರ ಕುಟುಂಬಕ್ಕೆ ಮಾರಾಟವಾಯಿತು. ಅವರು ಅದನ್ನು ಪ್ರೀತಿಯಿಂದಲೇ ಬಳಸಿದರು, ಕಿಪ್ಲಿಂಗ್ ಬಿಟ್ಟುಹೋದ ಸಾಮಾನುಗಳನ್ನು ಹೆಚ್ಚುಕಡಿಮೆ ಹಾಗೇ ಇರಿಸಿದರು. 1940ರ ದಶಕದಲ್ಲಿ ಮನೆಗೆ ಬೀಗ ಬಿತ್ತು. ಬಿದ್ದ ಬೀಗ ಹತ್ತಿರ ಹತ್ತಿರ ಐವತ್ತು ವರ್ಷ ತೆಗೆಯಲಿಲ್ಲ.

ಬೀಗ ಹಾಕಿದ ಮನೆ ಹೇಗೆ ಸಾಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸಾಯುವುದು ಒಂದು ಹಂಚಿನಿಂದ. ಮಂಗ ಹಾರಿ ಒಂದು ಹಂಚು ಜಾರುತ್ತದೆ. ಜನ ಇದ್ದ ಮನೆಯಾದರೆ ಅವತ್ತೇ ರಾತ್ರಿ ಯಾರದೋ ಹಾಸಿಗೆಗೆ ಹನಿ ಬಿದ್ದು, ಬೆಳಗಾದೊಡನೆ ಏಣಿ ಇಟ್ಟು ಹಂಚು ಸರಿಸುತ್ತಾರೆ. ಜನ ಇಲ್ಲದ ಮನೆಯಲ್ಲಿ ಆ ಹನಿ ಒಂದು ಮಳೆಗಾಲ ಪೂರ್ತಿ ಒಂದೇ ಪಕಾಸಿಯ ಮೇಲೆ ಬೀಳುತ್ತದೆ. ಮರುವರ್ಷಕ್ಕೆ ಪಕಾಸಿ ಕುಂಬಾಗಿ ಹತ್ತು ಹಂಚು ಕುಸಿಯುತ್ತವೆ. ಮೂರನೆಯ ವರ್ಷ ನೀರು ಮಣ್ಣಿನ ಗೋಡೆಯ ತಲೆಗೆ ಇಳಿಯುತ್ತದೆ. ಒಲೆಯ ಹೊಗೆ ಇಲ್ಲವಾದ್ದರಿಂದ ಅಟ್ಟದ ಮರಕ್ಕೆ ಹುಳು ಬೀಳುತ್ತದೆ; ಸಗಣಿ ಸಾರಿಸುವವರಿಲ್ಲದ ನೆಲದಿಂದ ಗೆದ್ದಲು ಮುಂಡಿಗೆ ಹತ್ತುತ್ತದೆ. ನಮ್ಮ ಅಜ್ಜನ ತೊಟ್ಟಿಮನೆ ಹಿಸ್ಸೆಯಾದ ಮೇಲೆ ನಾಲ್ವರ ಪಾಲಿಗೂ ಬಂತು, ಯಾರ ಪಾಲಿಗೂ ಬರಲಿಲ್ಲ. ಹತ್ತೇ ವರ್ಷ. ಹಲಸಿನ ಮುಂಡಿಗೆಗಳನ್ನೂ ಹೆಬ್ಬಾಗಿಲನ್ನೂ ಲಾರಿಯವರು ಬಂದು ಕೊಂಡುಹೋದರು. ಅಂಥ ಮುಂಡಿಗೆಗಳು ಈಗ ಊರೂರಿನ ಹೋಟೆಲುಗಳ ಮುಂಭಾಗದಲ್ಲಿ, ಯಾವ ಮಾಡನ್ನೂ ಹೊರದೆ ಬರಿದೇ ನಿಂತಿರುವುದನ್ನು ಕಾಣುತ್ತೇನೆ. ಕಂಡಾಗಲೆಲ್ಲ ಹತ್ತಿರ ಹೋಗಿ ಮುಟ್ಟಿ ನೋಡುತ್ತೇನೆ.

ಹಿಮದ ನಾಡಿನಲ್ಲಿ ಮನೆ ಸಾಯುವ ಕ್ರಮ ಬೇರೆ. ಒಳಗೆ ಬೆಂಕಿ ಇಲ್ಲದಿದ್ದರೆ ಕೊಳವೆಯ ನೀರು ಹೆಪ್ಪುಗಟ್ಟಿ ಉಬ್ಬಿ ಕೊಳವೆ ಸೀಳುತ್ತದೆ. ಮಾಡಿನ ಮೇಲಿನ ಹಿಮ ಕರಗಿ, ಅಂಚಿನಲ್ಲಿ ಮತ್ತೆ ಗಟ್ಟಿಯಾಗಿ, ಹಿಂದಿನ ನೀರನ್ನು ಬಿಲ್ಲೆಗಳ ಸಂದಿಗೆ ನೂಕುತ್ತದೆ. ಕಾರಣ ಬೇರೆಯಾದರೂ ಮದ್ದು ಒಂದೇ: ಒಳಗೆ ಜನ ಮಲಗಬೇಕು. ಒಲೆ ಉರಿಯಬೇಕು. ಹನಿ ಬಿದ್ದರೆ ಅಯ್ಯೋ ಎನ್ನುವ ಒಂದು ಜೀವ ಇರಬೇಕು.

ಇದನ್ನು ಚೆನ್ನಾಗಿ ತಿಳಿದಿದ್ದವರು ಇಂಗ್ಲೆಂಡಿನ ಜಾನ್ ಸ್ಮಿತ್ ಮತ್ತು ಕ್ರಿಶ್ಚಿಯನ್ ಸ್ಮಿತ್ ದಂಪತಿ. ಥಾಮಸ್ ಟೆಲ್‌ಫರ್ಡ್ ಎಂಬ ಹೆಸರಾಂತ ಎಂಜಿನಿಯರ್ ಕಾಲುವೆಯ ಕೂಡುದಾಣದಲ್ಲಿ ಕಟ್ಟಿಸಿದ್ದ ಮನೆಯೊಂದನ್ನು ಕೆಡವಿಹಾಕಿದ್ದು ಜಾನ್ ಸ್ಮಿತ್ ಅವರ ಮನಸ್ಸಿಗೆ ನಾಟಿತ್ತು. ದೊಡ್ಡ ಅರಮನೆಗಳನ್ನು ಉಳಿಸಲು ಸಂಸ್ಥೆಗಳಿದ್ದವು. ಇಂಥ ಚಿಕ್ಕ ಚೊಕ್ಕ ಕಟ್ಟಡಗಳಿಗೆ ದಿಕ್ಕಿರಲಿಲ್ಲ. ಇಬ್ಬರೂ 1965ರಲ್ಲಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಕಟ್ಟಿದರು. ಬೀಳುತ್ತಿರುವ ಕಟ್ಟಡವನ್ನು ಕೈಗೆತ್ತಿಕೊಳ್ಳುವುದು, ದಾನಿಗಳಿಂದಲೂ ಅನುದಾನಗಳಿಂದಲೂ ಹಣ ಕೂಡಿಸಿ ದುರಸ್ತಿ ಮಾಡುವುದು, ಆಮೇಲೆ ಕೆಲವು ದಿನಗಳ ಮಟ್ಟಿಗೆ ಜನರಿಗೆ ಬಾಡಿಗೆಗೆ ಕೊಡುವುದು. ಆ ಬಾಡಿಗೆಯಿಂದಲೇ ಮನೆಯ ಮುಂದಿನ ಹೊಟ್ಟೆಪಾಡು ನಡೆಯಬೇಕು. ಈಗ ಅವರ ಪಾಲನೆಯಲ್ಲಿ ಇನ್ನೂರರಷ್ಟು ಕಟ್ಟಡಗಳಿವೆ. ಸ್ಕಾಟ್ಲೆಂಡಿನಲ್ಲಿ ಕಲ್ಲಿನ ಅನಾನಸ್ ಹಣ್ಣನ್ನೇ ತಲೆಯ ಮೇಲೆ ಹೊತ್ತ 1761ರ ತೋಟದ ಮನೆಯಿದೆ, ಯಾರ್ಕ್‌ಶೈರಿನಲ್ಲಿ ದೇವಾಲಯದ ಹಾಗೆ ಕಂಬ ನಿಲ್ಲಿಸಿ ಕಟ್ಟಿದ ಹಂದಿಗೂಡಿದೆ, ರೈಲು ನಿಲ್ದಾಣವೂ ಇದೆ. ಇಟಲಿಯ ಫ್ಲಾರೆನ್ಸಿನಲ್ಲಿ ಕವಿದಂಪತಿ ಬ್ರೌನಿಂಗರು ಇದ್ದ ಕಾಸಾ ಗ್ವಿಡಿಯೂ ಇದೆ. ಎಲ್ಲದರಲ್ಲೂ ಮಲಗಬಹುದು. ಟಿ.ವಿ. ಇರುವುದಿಲ್ಲ. ಆ ಮನೆಗೆ ಹೊಂದುವ ಪುಸ್ತಕಗಳಿರುತ್ತವೆ, ಮನೆಯ ಚರಿತ್ರೆ ಹೇಳುವ ಕಡತವಿರುತ್ತದೆ, ಬಂದವರು ಬರೆದಿಡುವ ಒಂದು ದಪ್ಪ ದಿನಚರಿ ಇರುತ್ತದೆ.

ಈ ಸಂಸ್ಥೆ 1992ರಲ್ಲಿ ನೌಲಖಾವನ್ನು ಕೊಂಡು ದುರಸ್ತಿ ಮಾಡಿಸಿತು. 1993ರಿಂದ ಮನೆಯಲ್ಲಿ ಮತ್ತೆ ದೀಪ ಹತ್ತಿತು. ಅದೇ ವರ್ಷ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಸಾರಿತು. ಈಗ ನೋಡಿಕೊಳ್ಳುವುದು ಅಮೆರಿಕದಲ್ಲೇ ಹುಟ್ಟಿದ ಅದರ ಸೋದರ ಸಂಸ್ಥೆ. ಪಕ್ಕದ ಸ್ಕಾಟ್ ಫಾರ್ಮ್ ಎಂಬ ತೋಟವೂ ಅವರದೇ. ಅಲ್ಲಿ ನೂರಕ್ಕೂ ಹೆಚ್ಚು ಹಳೆಯ ತಳಿಯ ಸೇಬುಗಳನ್ನು ಬೆಳೆಯುತ್ತಾರೆ. ಬುಟ್ಟಿ ತುಂಬ ತಂದೆವು. ಒಂದು ಜಾತಿಯ ಒರಟು ಕಂದು ಸಿಪ್ಪೆಯ ಸೇಬು ಕಚ್ಚಿದರೆ ಪೇರಳೆಯ ರುಚಿ.

ಕಿಪ್ಲಿಂಗನ ಇನ್ನೊಂದು ಮನೆ, ಇಂಗ್ಲೆಂಡಿನ ಸಸೆಕ್ಸಿನಲ್ಲಿರುವ ಬೇಟ್‌ಮನ್ಸ್, ವಸ್ತುಸಂಗ್ರಹಾಲಯವಾಗಿದೆ. 1902ರಿಂದ 1936ರಲ್ಲಿ ಸಾಯುವವರೆಗೆ ಇದ್ದ ಮನೆ ಅದು. ಟಿಕೆಟ್ಟು ಕೊಂಡು, ಸಾಲಿನಲ್ಲಿ ನಡೆದು, ಸಂಜೆಗೆ ಹೊರಬೀಳಬೇಕು. ನಮ್ಮ ಕುಪ್ಪಳಿಯ ಕವಿಮನೆಯೂ ಹಾಗೇ, ಮತ್ತು ಹಾಗೇ ಇರಬೇಕು. ಸಾವಿರಾರು ಜನ ಕೈಮುಗಿದು ಬರುವ ಮನೆಯನ್ನು ಎಂಟು ಜನಕ್ಕೆ ಬಾಡಿಗೆ ಕೊಡಲಾಗದು. ಆದರೆ ಮಲೆನಾಡಿನ, ಕರಾವಳಿಯ, ಬಯಲುಸೀಮೆಯ ಎಲ್ಲ ಹಳೆಯ ಮನೆಗಳನ್ನೂ ವಸ್ತುಸಂಗ್ರಹಾಲಯ ಮಾಡಲು ಬರುತ್ತದೆಯೇ? ಅವುಗಳಿಗೆ ಬೇಕಾದದ್ದು ವರ್ಷದಲ್ಲಿ ನೂರು ರಾತ್ರಿಯ ಉಸಿರು. ಆನೆಗುಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟಿನವರು ಊರಿನ ಹಳೆಯ ಮನೆಗಳನ್ನು ದುರಸ್ತಿ ಮಾಡಿ ತಂಗಲು ಕೊಟ್ಟು ದಾರಿ ತೋರಿಸಿದ್ದಾರೆ. ನನಗೆ ಬೇಸರ ತರಿಸುವುದು ಇನ್ನೊಂದು ಬಗೆಯದು: ಹಳೆಯ ಮನೆಯ ಹೆಸರು ಹೇಳಿ ಪಕ್ಕದಲ್ಲಿ ಕಾಂಕ್ರೀಟ್ ಕೋಣೆಗಳನ್ನು ಎಬ್ಬಿಸುವುದು, ಮುಂಡಿಗೆಗೆ ಹೊಳೆಯುವ ಪೇಂಟು ಬಳಿಯುವುದು, ಚಾವಡಿ ಒಡೆದು ಬಚ್ಚಲು ಮಾಡುವುದು. ನೌಲಖಾದ ನೆಲದ ಹಲಗೆಗಳು ಸವೆದು ಹೊಂಡ ಬಿದ್ದ ಕಡೆ ಹಾಗೇ ಇವೆ. ಹೊಸ ವೈರು, ಹೊಸ ಕೊಳವೆ ಎಲ್ಲಿ ಹಾದಿವೆಯೋ ಹುಡುಕಿದರೂ ಕಾಣಲಿಲ್ಲ. ಎರಡನೆಯ ರಾತ್ರಿ ಜೋರು ಮಳೆ ಬಂತು. ಹಳೆಯ ಅಭ್ಯಾಸದಿಂದ ಎದ್ದು, ಕೈಯಲ್ಲಿ ಟಾರ್ಚು ಹಿಡಿದು, ಕೋಣೆ ಕೋಣೆಯ ಮುಚ್ಚಿಗೆ ನೋಡಿ ಬಂದೆ. ಎಲ್ಲೂ ಒಂದು ತೇವದ ಕಲೆ ಇರಲಿಲ್ಲ.

ಭಾರತೀಯನೊಬ್ಬ ಆ ಮನೆಯಲ್ಲಿ ನಿಶ್ಚಿಂತೆಯಾಗಿ ಮಲಗಬಲ್ಲನೇ ಎಂದು ಮಗನ ಗೆಳೆಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಬಿಳಿಯರಲ್ಲದವರನ್ನು ಆಳುವುದು ಬಿಳಿಯರ ಹೊರೆ ಎಂದು 1899ರಲ್ಲಿ ಹಾಡಿದವನು ಈತ. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆಯಿತ್ತ ಡಯರ್‌ಗಾಗಿ ಎತ್ತಿದ ನಿಧಿಗೆ ಹಣ ಕೊಟ್ಟವನು. ಅದನ್ನು ಮರೆತು ಅಲ್ಲಿಗೆ ಹೋಗಬಾರದು, ನಾನಂತೂ ಮರೆತಿರಲಿಲ್ಲ. ಆದರೆ ಆ ಮನೆಯನ್ನು ತುಂಬಿದ್ದ ಭಾಷೆ, ಹೆಸರು, ಪ್ರಾಣಿ, ಎಲ್ಲ ನಮ್ಮ ನೆಲದವು. ಅವನು ಒಯ್ದದ್ದನ್ನು ನಮ್ಮ ಮಕ್ಕಳು ವಾಪಸು ಆಡಿಕೊಳ್ಳುವಾಗ ನನಗೆ ಸಂತೋಷವೇ ಆಯಿತು.

ಅದರಲ್ಲಿ ಕನ್ನಡ ನೆಲದ ಪಾಲೂ ಇದೆ. ‘ಜಂಗಲ್ ಬುಕ್’ನಲ್ಲಿ ಟೂಮಾಯಿ ಎಂಬ ಮಾವುತರ ಹುಡುಗನ ಕಥೆಯಿದೆ, ಯಾರೂ ಕಾಣದ ಆನೆಗಳ ಕುಣಿತವನ್ನು ಕಾಡಿನ ನಡುವೆ ಅವನು ಕಾಣುತ್ತಾನೆ. ಅಲ್ಲಿ ಬರುವ ಪೀಟರ್ಸನ್ ಸಾಹೇಬನನ್ನು ಕಿಪ್ಲಿಂಗ್ ಜಿ.ಪಿ. ಸ್ಯಾಂಡರ್‌ಸನ್‌ನ ಮಾದರಿಯಲ್ಲಿ ರೂಪಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಬಂದು, ಕನ್ನಡ ಕಲಿತು, 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಹೂಡಿ ಆನೆ ಹಿಡಿದ ಸ್ಯಾಂಡರ್‌ಸನ್ ಅವನೇ. ಈ ಕಥೆಯನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ. ಟೂಮಾಯಿಯಾಗಿ ಅವನಿಗೆ ಸಿಕ್ಕಿದ್ದು ಹೆಗ್ಗಡದೇವನಕೋಟೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಚಿತ್ರ 1937ರಲ್ಲಿ ತೆರೆಗೆ ಬಂತು. ಹುಡುಗ ಹಾಲಿವುಡ್ ಸೇರಿ 1942ರಲ್ಲಿ ಮೋಗ್ಲಿಯೂ ಆದ. ಕಾರಾಪುರದ ಬಳಿಯ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿಯ ಹಿನ್ನೀರು ಆ ಜಾಗದ ಮೇಲೆ ನಿಂತಿತು. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯಲ್ಲಿ ಈಗ ಪ್ರವಾಸಿಗರು ತಂಗುತ್ತಾರೆ. ವರ್ಮಾಂಟಿನ ಹಿಮದಲ್ಲಿ ಬರೆದ ಕಥೆಗೆ ಮುಖ ಕೊಟ್ಟ ಊರಿನಲ್ಲೂ ಒಂದು ಹಳೆಯ ಮನೆ ಮಲಗುವವರಿಂದಲೇ ಉಳಿದಿದೆ.

ಇದನ್ನೆಲ್ಲ ಮೂರನೆಯ ರಾತ್ರಿ ಬೆಂಕಿಗೂಡಿನ ಮುಂದೆ ಕೂತು ಹೇಳಿದೆ. ಮೊಮ್ಮಗಳು ಮಾತಾಡದೆ ಕೇಳಿಸಿಕೊಂಡಳು.

ಬೆಳಿಗ್ಗೆ ಹೊರಡುವ ಹೊತ್ತು. ಪಾತ್ರೆ ತೊಳೆದು ಒರೆಸಿ ಬೋರಲು ಹಾಕಿ ಆಗಿತ್ತು. ಸೊಸೆ ಹಾಸಿಗೆಯ ಹೊದಿಕೆಗಳನ್ನು ಒಟ್ಟು ಮಾಡಿದ್ದಳು. ಬಂದವರು ಬರೆಯುವ ದಿನಚರಿಯನ್ನು ಮೇಜಿನ ಮೇಲೆ ಬಿಡಿಸಿಕೊಂಡು ಮೊಮ್ಮಗಳು ಅರ್ಧ ಪುಟ ತುಂಬ ಆನೆಯ ಚಿತ್ರ ಬರೆದಳು, ಬೆನ್ನ ಮೇಲೆ ಒಬ್ಬ ಹುಡುಗನನ್ನು ಕೂರಿಸಿದಳು. ಅಡಿಯಲ್ಲಿ ಅವನ ಊರಿನ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ ಎಂದು ಹಟ ಹಿಡಿದಳು. ‘ಕಾ’ ಬರೆದಳು, ‘ರಾ’ ಬರೆದಳು. ಅಂಗಳದಲ್ಲಿ ಮಗ ಕಾರಿನ ಹಾರನ್ ಒತ್ತುತ್ತಿದ್ದ. “ಅಜ್ಜ, ಪು ಬರೆಯೋಕೆ ಕೊಂಬು ಯಾವ ಕಡೆ?” ಎಂದಳು. ಅವಳ ಕೈ ಹಿಡಿದು ಬಲಕ್ಕೆ ಎಳೆಸಿದೆ.